ಮೂರು ಪರದೆಗಳಲ್ಲಿ ಮೂರು ಮೊತ್ತ: ಸಂಪತ್ತು ನಿರ್ವಹಣಾ ಸಂಸ್ಥೆಯ ಡೇಟಾವನ್ನು ಎಲ್ಲಿಂದ ಕಟ್ಟಬೇಕು?

ಪ್ರಶ್ನೆ: ನಾನು ಬೆಂಗಳೂರಿನ ಐಟಿ ಸೇವಾ ಕಂಪನಿಯೊಂದರಲ್ಲಿ 11 ವರ್ಷಗಳಿಂದ ಡೇಟಾ ಎಂಜಿನಿಯರ್ ಆಗಿದ್ದೇನೆ. ಇಷ್ಟು ದಿನ ಚಿಲ್ಲರೆ ಮಾರಾಟ ಮತ್ತು ಟೆಲಿಕಾಂ ಗ್ರಾಹಕರಿಗಾಗಿ ಕೆಲಸ ಮಾಡಿದ್ದೆ. ಕಳೆದ ತಿಂಗಳು ಒಂದು ಸಂಪತ್ತು ನಿರ್ವಹಣಾ ಸಂಸ್ಥೆಯ ಡೇಟಾ ಆರ್ಕಿಟೆಕ್ಚರ್ ಕೆಲಸದ ನೇತೃತ್ವವನ್ನು ನನಗೆ ವಹಿಸಿದ್ದಾರೆ. ಅಲ್ಲಿ ಮ್ಯೂಚುವಲ್ ಫಂಡ್ ವಿತರಣೆಗೆ ಒಂದು, ಪಿಎಂಎಸ್‌ಗೆ (ಗ್ರಾಹಕರ ಪರವಾಗಿ ಅವರ ಹೂಡಿಕೆಯನ್ನು ನಿರ್ವಹಿಸುವ ಸೇವೆ) ಒಂದು, ಷೇರು ವಹಿವಾಟಿಗೆ ಒಂದು ಎಂದು ಮೂರು ತಂತ್ರಾಂಶಗಳಿವೆ. ಒಂದೇ ಕುಟುಂಬದ ಹೂಡಿಕೆಯ ಮೊತ್ತವನ್ನು ಮೂರೂ ಬೇರೆ ಬೇರೆಯಾಗಿ ತೋರಿಸುತ್ತವೆ. ಎಲ್ಲವನ್ನೂ ಕ್ಲೌಡ್‌ನ ಡೇಟಾ ಲೇಕ್‌ಗೆ, ಅಂದರೆ ಕಚ್ಚಾ ಡೇಟಾವನ್ನೆಲ್ಲ ಒಟ್ಟಿಗೆ ಇಡುವ ಸಂಗ್ರಹಕ್ಕೆ, ಹಾಕಿದರೆ ಸರಿಹೋಗುತ್ತದೆ ಎಂದು ತಂತ್ರಾಂಶ ಮಾರಾಟಗಾರರು ಹೇಳುತ್ತಿದ್ದಾರೆ. 6 ತಿಂಗಳಲ್ಲಿ ಪ್ರತಿ ಗ್ರಾಹಕರ ಪೂರ್ಣ ಚಿತ್ರ ಒಂದೇ ಪರದೆಯಲ್ಲಿ ಕಾಣಬೇಕು, ಅದರ ಮೇಲೆ ಎಐ ಸಹಾಯಕ ಬರಬೇಕು ಎಂಬುದು ಆಡಳಿತ ಮಂಡಳಿಯ ಬೇಡಿಕೆ. ನನಗೆ ಹಣಕಾಸಿನ ಹಿನ್ನೆಲೆ ಇಲ್ಲ. ಹೂಡಿಕೆ ವಿಶ್ಲೇಷಕರ ಸಿಎಫ್‌ಎ ಪರೀಕ್ಷೆಗೆ ಓದಬೇಕೇ? ಕೆಲಸವನ್ನು ಎಲ್ಲಿಂದ ಆರಂಭಿಸಲಿ? ಜನರ ದುಡ್ಡಿನ ಲೆಕ್ಕ ನನ್ನಿಂದ ತಪ್ಪಿದರೆ ಎಂಬ ಭಯದಲ್ಲಿ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಮೂರು ಕಡೆ ಮೂರು ಮೊತ್ತ ಬರುತ್ತಿರುವಾಗ ಯಾವುದನ್ನು ನಂಬಬೇಕು ಎಂಬುದು ಮೊದಲನೆಯದು. ಅದೇ ತಿಳಿಯದಿರುವಾಗ 6 ತಿಂಗಳ ಗಡುವಿಗೆ ಹೇಗೆ ಒಪ್ಪಿಕೊಳ್ಳಲಿ ಎಂಬುದು ಎರಡನೆಯದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸ ಮಾಡಿಕೊಂಡು ಬಂದಿರುವ ನಾನು ನಿಮ್ಮ ಭಯವನ್ನು ಒಳ್ಳೆಯ ಲಕ್ಷಣವೆಂದೇ ತಿಳಿಯುತ್ತೇನೆ. ನಿವೃತ್ತ ಮೇಷ್ಟ್ರೊಬ್ಬರು ಪಿಂಚಣಿಯ ಗಂಟನ್ನು ಒಂದು ಸಂಸ್ಥೆಯ ಕೈಗೆ ಕೊಟ್ಟು, ತಿಂಗಳಿಗೊಮ್ಮೆ ಬರುವ ಒಂದು ಹಾಳೆಯನ್ನು ನೋಡಿ ನೆಮ್ಮದಿಯಿಂದಿರುತ್ತಾರೆ. ಆ ಹಾಳೆಯ ಕೊನೆಯ ಸಾಲಿನ ಮೊತ್ತ ಎಲ್ಲಿಂದ ಬಂತು, ಅದರ ಹಿಂದೆ ಯಾವ ಯಾವ ವಹಿವಾಟುಗಳಿವೆ, ಯಾವ ದಿನದ ಬೆಲೆ ಹಿಡಿದಿದ್ದೇವೆ, ಆ ಬೆಲೆ ನಮಗೆ ಯಾವಾಗ ತಿಳಿಯಿತು ಎಂಬುದನ್ನು ಯಾರು ಕೇಳಿದರೂ, ಎಷ್ಟು ವರ್ಷದ ಮೇಲೆ ಕೇಳಿದರೂ ಹೇಳುವಂತಿರಬೇಕು. ನಿಮಗೆ ವಹಿಸಿರುವ ಕೆಲಸದ ತಿರುಳು ಇದೇ. ಕ್ಲೌಡ್, ಲೇಕ್, ಎಐ ಎಲ್ಲವೂ ಇದರ ನಂತರದ ಮಾತು.

ಮೊತ್ತಗಳು ತಾಳೆಯಾಗದಿದ್ದರೆ ಎಲ್ಲೋ ಡೇಟಾ ಕೆಟ್ಟಿದೆ ಎಂದೇ ಎಲ್ಲರೂ ಭಾವಿಸುತ್ತಾರೆ. ನನ್ನ ಅನುಭವದಲ್ಲಿ ವ್ಯತ್ಯಾಸಗಳ ದೊಡ್ಡ ಪಾಲು ತಪ್ಪಿನಿಂದ ಹುಟ್ಟಿದ್ದಲ್ಲ. ಮೂರು ತಂತ್ರಾಂಶಗಳು ಮೂರು ಬೇರೆ ಪ್ರಶ್ನೆಗಳಿಗೆ ಕೊಟ್ಟ ಮೂರು ಸರಿಯುತ್ತರಗಳು ಅವು. ಒಂದು ಮಂಗಳವಾರ ಸಂಜೆ 7 ಗಂಟೆಗೆ ನೀವು ಮೂರೂ ಪರದೆಗಳ ಮುಂದೆ ಕುಳಿತಿದ್ದೀರಿ ಎಂದಿಟ್ಟುಕೊಳ್ಳಿ. ಗ್ರಾಹಕರು ಅಂದು ಮಧ್ಯಾಹ್ನ ಮಾರಿದ ಷೇರುಗಳನ್ನು ಷೇರು ವಹಿವಾಟಿನ ತಂತ್ರಾಂಶ ಆಗಲೇ ಕಳೆದಿರುತ್ತದೆ, ಏಕೆಂದರೆ ಅದು ವ್ಯವಹಾರ ನಡೆದ ದಿನವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಡಿಮ್ಯಾಟ್ ಖಾತೆಯಲ್ಲಿ ಅವೇ ಷೇರುಗಳು ಇನ್ನೂ ಕಾಣಬಹುದು, ಏಕೆಂದರೆ ನಮ್ಮಲ್ಲಿ 2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಟಿ+1, ಅಂದರೆ ಮರುದಿನದ ಇತ್ಯರ್ಥ ಪದ್ಧತಿ ಜಾರಿಯಲ್ಲಿದೆ. ಮ್ಯೂಚುವಲ್ ಫಂಡ್ ತಂತ್ರಾಂಶವಂತೂ ಸೋಮವಾರದ ಎನ್‌ಎವಿಯನ್ನೇ (ಒಂದು ಯೂನಿಟ್‌ನ ಆ ದಿನದ ಬೆಲೆ) ಹಿಡಿದು ಕುಳಿತಿರುತ್ತದೆ. ಮಂಗಳವಾರದ ಎನ್‌ಎವಿ ಪ್ರಕಟವಾಗಲು ಹೆಚ್ಚಿನ ಯೋಜನೆಗಳಿಗೆ ರಾತ್ರಿ 11 ಗಂಟೆಯವರೆಗೂ ಅವಕಾಶವಿದೆ, ಬೇರೆ ಫಂಡ್‌ಗಳಲ್ಲಿ ಹೂಡುವ ಫಂಡ್ ಆಫ್ ಫಂಡ್ಸ್‌ಗಳಿಗೆ ಮರುದಿನ ಬೆಳಿಗ್ಗೆಯವರೆಗೂ ಸಮಯವಿದೆ. ಪಿಎಂಎಸ್ ಲೆಕ್ಕದಲ್ಲಿ ಇನ್ನೂ ವಸೂಲಾಗದ ನಿರ್ವಹಣಾ ಶುಲ್ಕವನ್ನು ಕಳೆದೇ ಮೊತ್ತ ತೋರಿಸುವ ಪದ್ಧತಿ ಇದ್ದರೆ ಅದೂ ಸೇರಿತು. ಇವುಗಳಲ್ಲಿ ಯಾವುದನ್ನು ‘ಸರಿಪಡಿಸಲು’ ಹೊರಟರೂ ನೀವು ಸರಿಯಾಗಿದ್ದದ್ದನ್ನು ಕೆಡಿಸುತ್ತೀರಿ. ಆದ್ದರಿಂದ ಮೊದಲ ಕೆಲಸ, ಪ್ರತಿ ಮೊತ್ತದ ಪಕ್ಕದಲ್ಲೂ ಅದು ಯಾವ ಹೊತ್ತಿನದು, ಯಾವ ಆಧಾರದ್ದು ಎಂಬ ಎರಡು ಮಾತನ್ನು ಕಡ್ಡಾಯವಾಗಿ ಹಚ್ಚುವುದು. ಇದಕ್ಕೆ ಯಾವ ಹೊಸ ತಂತ್ರಾಂಶವೂ ಬೇಡ. ಇಷ್ಟನ್ನು ಮಾಡಿದ ಕೂಡಲೇ ವಾದಗಳು ಎಷ್ಟು ಕಡಿಮೆಯಾಗುತ್ತವೆ ಎಂಬುದನ್ನು ನಾನು ಹಲವು ಕಡೆ ಕಂಡಿದ್ದೇನೆ.

ಇದಾದ ಮೇಲೆ ಉಳಿಯುವ ವ್ಯತ್ಯಾಸಗಳು ನಿಜವಾದ ತಪ್ಪುಗಳು. ಅವುಗಳ ತವರು ಸಾಮಾನ್ಯವಾಗಿ ಒಂದೇ: ಬೋನಸ್, ಷೇರು ವಿಭಜನೆ, ವಿಲೀನ, ಕಂಪನಿ ಒಡೆದು ಎರಡಾಗುವುದು ಮುಂತಾದ, ಈ ಕಸುಬಿನಲ್ಲಿ ಕಾರ್ಪೊರೇಟ್ ಆ್ಯಕ್ಷನ್ ಎಂದು ಕರೆಯುವ ಸಂಗತಿಗಳು. ಟೆಲಿಕಾಂನಲ್ಲಿ ಒಂದು ಕರೆ ನಡೆದರೆ ಅದು ನಡೆದೇ ಹೋಯಿತು. ಮೂರು ವರ್ಷದ ಮೇಲೆ ಯಾರೂ ಬಂದು ಅದರ ಅವಧಿಯನ್ನು ಬದಲಿಸುವುದಿಲ್ಲ. ಹೂಡಿಕೆಯಲ್ಲಿ ಹಾಗಲ್ಲ. 2015ರಲ್ಲಿ ಕೊಂಡ ಷೇರಿನ ಸಂಖ್ಯೆ, ಹೆಸರು, ಕೊಂಡ ಬೆಲೆ ಎಲ್ಲವೂ 2023ರಲ್ಲಿ ಬದಲಾಗಬಹುದು.

ಎಚ್‌ಡಿಎಫ್‌ಸಿ ಸಂಸ್ಥೆಯು ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ವಿಲೀನವಾದದ್ದು 2023ರ ಜುಲೈ 1ರಂದು. ಹಳೆಯ 25 ಷೇರುಗಳಿಗೆ ಬ್ಯಾಂಕಿನ 42 ಷೇರುಗಳು ಎಂಬುದು ಅನುಪಾತ. ಒಬ್ಬರ ಬಳಿ ತಲಾ 1,680 ರೂಪಾಯಿಗೆ ಕೊಂಡ 100 ಹಳೆಯ ಷೇರುಗಳಿದ್ದವು ಎಂದುಕೊಳ್ಳಿ. ಅವರ ಖಾತೆಗೆ 168 ಹೊಸ ಷೇರುಗಳು ಬಂದವು. ಹೂಡಿದ 1,68,000 ರೂಪಾಯಿ ಹಾಗೆಯೇ ಉಳಿದು, ತಲಾ ಬೆಲೆ 1,000 ರೂಪಾಯಿ ಆಯಿತು. ತೆರಿಗೆಯ ದೃಷ್ಟಿಯಲ್ಲಿ ಇದು ಮಾರಾಟವಲ್ಲ. ಹಳೆಯ ಷೇರನ್ನು ಕೊಂಡ ದಿನಾಂಕವೇ ಹೊಸದಕ್ಕೂ ಸಲ್ಲುತ್ತದೆ. ಆದರೆ ಕೆಲವು ತಂತ್ರಾಂಶಗಳಿಗೆ ವಿಲೀನ ಎಂಬ ಪರಿಕಲ್ಪನೆಯೇ ಇರುವುದಿಲ್ಲ. ಸಿಬ್ಬಂದಿ ಬೇರೆ ದಾರಿ ಕಾಣದೆ, ಹಳೆಯದನ್ನು ಆ ದಿನ ಮಾರಿದಂತೆ, ಹೊಸದನ್ನು ಅದೇ ದಿನ ಕೊಂಡಂತೆ ನಮೂದಿಸಿಬಿಡುತ್ತಾರೆ. ಅಂದಿನ ಮಟ್ಟಿಗೆ ಒಟ್ಟು ಮೊತ್ತ ಸರಿಯಾಗಿಯೇ ಕಾಣುತ್ತದೆ. ಏಳೆಂಟು ತಿಂಗಳ ಮೇಲೆ ಗ್ರಾಹಕರು ಆ ಷೇರನ್ನು ಮಾರಿದಾಗ ಅವರ ದೀರ್ಘಾವಧಿ ಲಾಭವು ಅಲ್ಪಾವಧಿ ಲಾಭವೆಂದು ವರದಿಯಾಗುತ್ತದೆ, ಅವರ ಲೆಕ್ಕಪರಿಶೋಧಕರು ಅದನ್ನೇ ನಂಬಿ ಹೆಚ್ಚು ತೆರಿಗೆ ಕಟ್ಟಿಸುತ್ತಾರೆ. ಮೊತ್ತ ತಾಳೆಯಾಗಿದೆ ಎಂದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಅದೇ ತಿಂಗಳಲ್ಲಿ ರಿಲಯನ್ಸ್‌ನಿಂದ ಜಿಯೋ ಫೈನಾನ್ಶಿಯಲ್ ಸರ್ವಿಸಸ್ ಬೇರ್ಪಟ್ಟಿತು. ಒಂದು ಷೇರಿಗೆ ಒಂದು ಷೇರು. ಕೊಂಡ ಬೆಲೆಯಲ್ಲಿ ಶೇ 95.32 ಭಾಗ ರಿಲಯನ್ಸ್‌ಗೆ, ಶೇ 4.68 ಭಾಗ ಹೊಸ ಕಂಪನಿಗೆ. ಅಂದರೆ 2,000 ರೂಪಾಯಿಗೆ ಕೊಂಡಿದ್ದವರ ಲೆಕ್ಕದಲ್ಲಿ 1,906.40 ರೂಪಾಯಿ ಒಂದು ಕಡೆ, 93.60 ರೂಪಾಯಿ ಇನ್ನೊಂದು ಕಡೆ. ಜುಲೈ 20ರಂದು ರಿಲಯನ್ಸ್‌ನ ಬೆಲೆ ಹೊಸ ಕಂಪನಿಯನ್ನು ಕಳೆದುಕೊಂಡು ನಿಂತಿತು, ಆದರೆ ಹೊಸ ಷೇರು ಪೇಟೆಯಲ್ಲಿ ವಹಿವಾಟಿಗೆ ಬಂದದ್ದು ಆಗಸ್ಟ್ 21ರಂದು. ನಡುವಿನ ಒಂದು ತಿಂಗಳು ಗ್ರಾಹಕರಿಗೆ ಹಕ್ಕಿದೆ, ಕೊಂಡು ಮಾರುವ ಪೇಟೆಯಿಲ್ಲ. ‘ಬರಬೇಕಾದದ್ದು’ ಎಂದು ಬರೆದಿಡುವ ಕೋಣೆಯೇ ಇಲ್ಲದ ವಿನ್ಯಾಸದಲ್ಲಿ ಆ ಒಂದು ತಿಂಗಳು ಅಷ್ಟು ಸಂಪತ್ತು ಮಾಯವಾಗಿರುತ್ತದೆ. ನಿಮ್ಮ ಮೂರೂ ತಂತ್ರಾಂಶಗಳು ಈ ಎರಡು ಘಟನೆಗಳನ್ನು ಹೇಗೆ ನಿಭಾಯಿಸಿವೆ ಎಂಬುದನ್ನು ಈ ವಾರವೇ ತೆಗೆದು ನೋಡಿ. ಅವುಗಳ ಆರೋಗ್ಯ ಎಷ್ಟರಮಟ್ಟಿಗಿದೆ ಎಂಬುದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ.

ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ, ಷೇರು ವಿಭಜನೆಯ ದಿನ ಹೊಸ ಬೆಲೆ ತಾನಾಗಿ ಬಂದಿತ್ತು, ಹೊಸ ಸಂಖ್ಯೆ ಬಂದಿರಲಿಲ್ಲ. ಒಂದು ಷೇರು ಐದಾಗಿತ್ತು. ಬೆಲೆ ಐದನೇ ಒಂದಾಗಿತ್ತು. ಶುಕ್ರವಾರ ಸಂಜೆ ಹೊರಟ ವಿವರಣಾ ಪಟ್ಟಿಯಲ್ಲಿ ಹಿರಿಯರೊಬ್ಬರ ಅತಿ ದೊಡ್ಡ ಹೂಡಿಕೆ ಶೇ 80ರಷ್ಟು ಕುಸಿದಂತೆ ಕಂಡಿತು. ಅವರು ಫೋನ್ ಮಾಡುವ ಹೊತ್ತಿಗೆ ಕಚೇರಿ ಮುಚ್ಚಿತ್ತು. ಸೋಮವಾರ ಬೆಳಿಗ್ಗೆ ಅವರು ತಾವಾಗಿಯೇ ಕಚೇರಿಗೆ ಬಂದಿದ್ದರು, ಕೈಯಲ್ಲಿ ಆ ಹಾಳೆ, ಅದರ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಎರಡು ದಿನ ಊಟ ಸೇರಲಿಲ್ಲ ಎಂದಷ್ಟೇ ಹೇಳಿದರು. ಡೇಟಾದ ಗುಣಮಟ್ಟ ಎಂಬ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಪೆನ್ಸಿಲ್ ಗೆರೆ.

ಹಾಗಾದರೆ ವಿನ್ಯಾಸದ ಬುನಾದಿ ಏನಿರಬೇಕು? ನಮ್ಮ ಹಳೆಯ ಮಂಡಿ ಅಂಗಡಿಗಳ ಕಿರ್ದಿ ಮತ್ತು ಖತಾವಣಿಯನ್ನು ನೆನೆಸಿಕೊಳ್ಳಿ. ಕಿರ್ದಿಯಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತಿದ್ದರು, ಅಳಿಸುತ್ತಿರಲಿಲ್ಲ. ತಪ್ಪಾದರೆ ಇನ್ನೊಂದು ನಮೂದು ಹಾಕಿ ಸರಿಮಾಡುತ್ತಿದ್ದರು. ಖಾತೆವಾರು ಶಿಲ್ಕು ತೋರಿಸುವ ಖತಾವಣಿಯನ್ನು ಕಿರ್ದಿಯಿಂದ ಯಾವಾಗ ಬೇಕಾದರೂ ಮತ್ತೆ ಬರೆಯಬಹುದಿತ್ತು. ಹೂಡಿಕೆಯ ಡೇಟಾಕ್ಕೂ ಇದೇ ಧರ್ಮ. ವಹಿವಾಟುಗಳೂ ಕಾರ್ಪೊರೇಟ್ ಆ್ಯಕ್ಷನ್‌ಗಳೂ ಕಿರ್ದಿ. ‘ಇವರ ಬಳಿ ಇಷ್ಟು ಯೂನಿಟ್ ಇದೆ’ ಎಂಬುದು ಖತಾವಣಿ. ಸಂಗ್ರಹದ ಜಾಗ ಅಗ್ಗವಾಗಿದೆಯೆಂದು ಪ್ರತಿ ರಾತ್ರಿ ಮೂರೂ ತಂತ್ರಾಂಶಗಳ ಖತಾವಣಿಯ ಚಿತ್ರವನ್ನು ತೆಗೆದಿಡುವವರು ಬಹಳ ಮಂದಿ. ಅದು ತಾಳೆ ನೋಡುವುದಕ್ಕೆ ಬೇಕು, ನಿಜ. ಆದರೆ ಅದನ್ನೇ ಮೂಲವೆಂದು ನಂಬಿದರೆ ವ್ಯತ್ಯಾಸ ಬಂದಿದೆ ಎಂಬುದು ಗೊತ್ತಾಗುತ್ತದೆಯೇ ಹೊರತು ಏಕೆ ಬಂತು ಎಂಬುದು ಎಂದಿಗೂ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಗ್ರಾಹಕರ ಕಿರ್ದಿಯೂ ನಿಮಗೆ ಆರಂಭದಿಂದ ಸಿಗುವುದಿಲ್ಲ. ಬೇರೆ ಸಂಸ್ಥೆಯಿಂದ ವರ್ಗವಾಗಿ ಬಂದ ಷೇರುಗಳು, ತಂದೆಯ ನಂತರ ಮಗಳಿಗೆ ಬಂದ ಷೇರುಗಳು, ಕಾಗದದ ಪ್ರಮಾಣಪತ್ರಗಳಿಂದ ಡಿಮ್ಯಾಟ್ ಆದವು ಇವೆಲ್ಲ ಕೊಂಡ ಬೆಲೆಯಿಲ್ಲದೆ ಬರುತ್ತವೆ. ಬೆಲೆ ತಿಳಿಯದ ಕಡೆ ಸೊನ್ನೆ ಹಾಕುವ ಅಭ್ಯಾಸ ಬಹಳ ಕಡೆ ಇದೆ. ಸೊನ್ನೆ ಎಂದರೆ ಪುಕ್ಕಟೆ ಬಂದದ್ದು ಎಂದರ್ಥ, ಮಾರಿದ ಮೊತ್ತವೆಲ್ಲ ಲಾಭವಾಗಿಬಿಡುತ್ತದೆ. ‘ತಿಳಿದಿಲ್ಲ’ ಎಂಬುದಕ್ಕೆ ಅದರದ್ದೇ ಗುರುತು ಇರಲಿ, ಆ ಗುರುತು ಗ್ರಾಹಕರಿಗೆ ಕಾಣುವ ವರದಿಯವರೆಗೂ ಹೋಗಲಿ.

ಇನ್ನು ಕಾಲದ ಪ್ರಶ್ನೆ. ಇದು ನಿಮ್ಮ ಹಿಂದಿನ ಕೆಲಸಗಳಲ್ಲಿ ಇಷ್ಟು ಮುಖ್ಯವಾಗಿರಲಾರದು. ಮಾರ್ಚ್ 31ರ ಲೆಕ್ಕವನ್ನು ನೀವು ಏಪ್ರಿಲ್ 5ರಂದು ಗ್ರಾಹಕರಿಗೆ ಕಳಿಸಿದಿರಿ. ಏಪ್ರಿಲ್ 12ರಂದು, ಮಾರ್ಚ್ 28ರ ಬೋನಸ್ ಒಂದು ಬಿಟ್ಟುಹೋಗಿತ್ತೆಂದು ತಿಳಿದು ಸರಿಪಡಿಸಿದಿರಿ. ಜೂನ್‌ನಲ್ಲಿ ಗ್ರಾಹಕರು ಹಳೆಯ ಹಾಳೆ ಹಿಡಿದು ಬಂದು, ಈಗ ನಿಮ್ಮ ಆ್ಯಪ್‌ನಲ್ಲಿ ಮಾರ್ಚ್ 31ಕ್ಕೆ ಬೇರೆ ಮೊತ್ತ ಬರುತ್ತಿದೆಯಲ್ಲ ಎಂದರೆ, ನಿಮ್ಮ ವ್ಯವಸ್ಥೆ ಎರಡನ್ನೂ ಕೊಡಬೇಕು: ಅಂದು ನಮಗೆ ತಿಳಿದಿದ್ದದ್ದು ಇದು, ಇಂದು ತಿಳಿದಿರುವುದು ಇದು, ನಡುವೆ ಬದಲಾದದ್ದು ಈ ಒಂದು ಸಾಲು. ಅಂದರೆ ಪ್ರತಿ ನಮೂದಿಗೂ ಘಟನೆ ನಡೆದ ದಿನ ಮತ್ತು ಅದು ನಮಗೆ ತಿಳಿದ ದಿನ ಎಂಬ ಎರಡು ಕಾಲಗಳು ಬೇಕು. ಬೈಟೆಂಪೊರಲ್ ಎಂದು ಕರೆಯುವುದು ಇದನ್ನೇ. ಇದನ್ನು ಆಮೇಲೆ ಸೇರಿಸಿಕೊಳ್ಳೋಣ ಎಂದವರು ಯಾರೂ ನಂತರ ಸೇರಿಸಿಕೊಂಡದ್ದನ್ನು ನಾನು ನೋಡಿಲ್ಲ, ಏಕೆಂದರೆ ಅಳಿಸಿ ಬರೆದ ಮೇಲೆ ಹಳೆಯದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಹೂಡಿಕೆ ಸಲಹೆಗಾರರು ತಮ್ಮ ದಾಖಲೆಗಳನ್ನು ಕನಿಷ್ಠ 5 ವರ್ಷ ಉಳಿಸಿಕೊಳ್ಳಬೇಕೆಂಬುದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ. ತಪಾಸಣೆಗೆ ಬಂದವರು ಕೇಳುವುದೂ ‘ಆ ದಿನ ನೀವು ಏನು ಹೇಳಿದಿರಿ’ ಎಂಬುದನ್ನೇ.

ಗ್ರಾಹಕರ ಗುರುತಿನ ವಿಷಯದಲ್ಲಿ, ಪ್ಯಾನ್ ಇದೆಯಲ್ಲ, ಅದನ್ನೇ ಕೀಲಿಯಾಗಿ ಬಳಸಿದರಾಯಿತು ಎಂಬ ಸಲಹೆ ನಿಮಗೆ ಈಗಾಗಲೇ ಬಂದಿರುತ್ತದೆ. ಪ್ಯಾನ್ ಗುರುತಿಸುವುದು ತೆರಿಗೆದಾರರನ್ನು, ಮನುಷ್ಯರನ್ನಲ್ಲ. ಅದರ 10 ಅಕ್ಷರಗಳಲ್ಲಿ ನಾಲ್ಕನೆಯದನ್ನು ನೋಡಿ: ವ್ಯಕ್ತಿಯಾದರೆ ‘ಪಿ’, ಹಿಂದೂ ಅವಿಭಕ್ತ ಕುಟುಂಬವಾದರೆ ‘ಎಚ್’, ಟ್ರಸ್ಟ್ ಆದರೆ ‘ಟಿ’, ಕಂಪನಿಯಾದರೆ ‘ಸಿ’. ನಿಮ್ಮ ಒಬ್ಬ ಹಿರಿಯ ಗ್ರಾಹಕರು ಇವುಗಳಲ್ಲಿ ಮೂರು ಪ್ಯಾನ್‌ಗಳ ಹಿಂದೆ ಇರಬಹುದು. ಮೊಮ್ಮಗಳ ಹೆಸರಿನ ಫೋಲಿಯೊದಲ್ಲಿ (ಮ್ಯೂಚುವಲ್ ಫಂಡ್ ಖಾತೆ) ಪೋಷಕರ ಪ್ಯಾನ್ ಇದ್ದು, ಅವಳಿಗೆ 18 ತುಂಬಿದ ದಿನ ಅದು ಬದಲಾಗಬೇಕಾಗುತ್ತದೆ. ಜಂಟಿ ಖಾತೆಯಲ್ಲಿ ಗಂಡ ಮೊದಲಿಗರು, ಹೆಂಡತಿ ಎರಡನೆಯವರು, ಇನ್ನೊಂದರಲ್ಲಿ ತಿರುಗುಮುರುಗು. ಮಗ ಕೆಲಸಕ್ಕೆಂದು ನ್ಯೂಜೆರ್ಸಿಗೆ ಹೋದ ದಿನದಿಂದ ಅನಿವಾಸಿ. ಅವನ ಖಾತೆಗಳ ಬಗೆ ಆ ದಿನಾಂಕದ ಮೇಲೆ ನಿಂತಿದೆ, ಹಿಂದಿನ ವರ್ಷಗಳ ಲೆಕ್ಕದಲ್ಲಿ ಅವನು ನಿವಾಸಿಯಾಗಿಯೇ ಉಳಿಯಬೇಕು. ಹೆಸರು ನೋಡಿ ಹೊಂದಿಸುತ್ತೇವೆ ಎಂದರೆ, ನಮ್ಮ ಕಡೆಯ ಹೆಸರುಗಳು ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಇನಿಷಿಯಲ್‌ನ ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು. ಪ್ಯಾನ್‌ನಲ್ಲಿ ಬಿಡಿಸಿ ಬರೆದಿರುತ್ತಾರೆ, ಬ್ಯಾಂಕಿನಲ್ಲಿ ಚುಟುಕಾಗಿ, ಡಿಮ್ಯಾಟ್‌ನಲ್ಲಿ ತಂದೆಯ ಹೆಸರನ್ನೇ ಉಪನಾಮದ ಜಾಗದಲ್ಲಿ ತುಂಬಿರುತ್ತಾರೆ. ‘ಲಕ್ಷ್ಮಿ’ಯನ್ನು ಒಂದು ಕಡೆ ‘ಎಕ್ಸ್’ ಹಾಕಿ, ಇನ್ನೊಂದು ಕಡೆ ‘ಕೆ-ಎಸ್-ಎಚ್’ ಹಾಕಿ ಬರೆದಿರುತ್ತಾರೆ. ಆದ್ದರಿಂದ ವ್ಯಕ್ತಿ, ತೆರಿಗೆದಾರ, ಖಾತೆ, ಕುಟುಂಬ ಈ ನಾಲ್ಕನ್ನು ಬೇರೆ ಬೇರೆಯಾಗಿಟ್ಟು, ಅವುಗಳ ನಡುವಿನ ಸಂಬಂಧಕ್ಕೆ ಆರಂಭ ಮತ್ತು ಅಂತ್ಯದ ದಿನಾಂಕ ಕೊಡಿ.

ಕುಟುಂಬ ಎಂಬುದು ಸೂಕ್ಷ್ಮವಾದ ಜಾಗವೂ ಹೌದು. ಮಾವನ ಹೂಡಿಕೆ ಅಳಿಯನ ಪರದೆಯಲ್ಲಿ ಕಾಣಬೇಕೇ ಎಂಬುದನ್ನು ತೀರ್ಮಾನಿಸಬೇಕಾದವರು ಮಾವ. ಎರಡು ಪಟ್ಟಿಗಳನ್ನು ಹೊಂದಿಸುವ ಡೇಟಾಬೇಸ್‌ನ ಜಾಯಿನ್ ಅಲ್ಲ. ಪ್ರತಿಯೊಬ್ಬರ ಒಪ್ಪಿಗೆಯನ್ನು ದಾಖಲಿಸಿ, ಹಿಂತೆಗೆದುಕೊಂಡರೆ ತಕ್ಷಣ ನಿಲ್ಲುವಂತೆ ಕಟ್ಟಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತಾ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ನಿಜವಾದ ಪ್ಯಾನ್ ಮತ್ತು ಮೊಬೈಲ್ ಸಂಖ್ಯೆಗಳನ್ನು ಪರೀಕ್ಷಾ ಪರಿಸರಕ್ಕೆ ನಕಲು ಮಾಡುವ ಅಭ್ಯಾಸ ನಿಮ್ಮ ತಂಡದಲ್ಲಿದ್ದರೆ ಇಂದೇ ನಿಲ್ಲಿಸಿ.

ಹೂಡಿಕೆಯ ಹೆಸರುಗಳದ್ದೂ ಇದೇ ಕಥೆ. ಒಂದೇ ಮ್ಯೂಚುವಲ್ ಫಂಡ್ ಯೋಜನೆಗೆ ಐಎಸ್‌ಐಎನ್ (ಪ್ರತಿ ಷೇರು, ಫಂಡ್‌ಗೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಒಂದು, ಫಂಡ್ ಕಂಪನಿಗಳ ಸಂಘವಾದ ಆ್ಯಂಫಿಯ ಸಂಖ್ಯೆ ಒಂದು, ಫಂಡ್‌ಗಳ ಪರವಾಗಿ ಹೂಡಿಕೆದಾರರ ದಾಖಲೆ ಇಡುವ ನೋಂದಣಿ ಏಜೆಂಟರಾದ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಬಳಸುವ ಸಂಕೇತ ಇನ್ನೊಂದು. ವಿತರಕರಿಗೆ ಕ್ಯಾಮ್ಸ್‌ನಿಂದ ಬರುವ ಡಬ್ಲ್ಯುಬಿಆರ್2 ಕಡತಕ್ಕೂ ಕೆಫಿನ್‌ಟೆಕ್‌ನ ಎಂಎಫ್‌ಎಸ್‌ಡಿ201 ಕಡತಕ್ಕೂ ಕಾಲಂಗಳು ಬೇರೆ, ವಹಿವಾಟಿನ ಬಗೆಯ ಸಂಕೇತಗಳು ಬೇರೆ. ಎಸ್‌ಐಪಿ ಕಂತಿನ ಹಣ ಬ್ಯಾಂಕಿನಲ್ಲಿ ತಿರಸ್ಕೃತವಾದಾಗ ಮೊದಲು ಬಂದ ಖರೀದಿ ಸಾಲನ್ನು ರದ್ದುಮಾಡುವ ಇನ್ನೊಂದು ಸಾಲು ಬರುತ್ತದೆ. ಅದನ್ನು ಗುರುತಿಸದ ವ್ಯವಸ್ಥೆಯಲ್ಲಿ ಇಲ್ಲದ ಯೂನಿಟ್‌ಗಳು ಉಳಿದುಬಿಡುತ್ತವೆ. 2021ರ ಏಪ್ರಿಲ್ 1ರಿಂದ ‘ಡಿವಿಡೆಂಡ್’ ಆಯ್ಕೆಗಳ ಹೆಸರನ್ನು ಸೆಬಿ ‘ಐಡಿಸಿಡಬ್ಲ್ಯು’ (ಆದಾಯ ವಿತರಣೆ ಮತ್ತು ಬಂಡವಾಳ ಹಿಂಪಡೆತ) ಎಂದು ಬದಲಿಸಿದಾಗ, ಯೋಜನೆಯ ಹೆಸರನ್ನೇ ಕೀಲಿಯಾಗಿ ಬಳಸುತ್ತಿದ್ದವರು ಪಟ್ಟ ಪಾಡು ನನಗೆ ನೆನಪಿದೆ. ಐಎಸ್‌ಐಎನ್ ಕೂಡ ಶಾಶ್ವತವಲ್ಲ, ಷೇರಿನ ಮುಖಬೆಲೆ ಬದಲಾದರೆ ಅದೂ ಬದಲಾಗುತ್ತದೆ. ನಿಮ್ಮದೇ ಆದ, ಅರ್ಥವಿಲ್ಲದ ಒಂದು ಒಳಸಂಖ್ಯೆಯನ್ನು ಕೊಟ್ಟು, ಮಿಕ್ಕೆಲ್ಲವನ್ನೂ ದಿನಾಂಕಸಹಿತವಾಗಿ ಅದಕ್ಕೆ ಕಟ್ಟಿ.

ಲಾಭದ ಶೇಕಡಾವಾರಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಜಗಳ ಅಲ್ಲಿಯೇ ಕಾದಿದೆ. ಒಬ್ಬರು ವರ್ಷದ ಆರಂಭದಲ್ಲಿ 10 ಲಕ್ಷ ಹೂಡಿದರು; 6 ತಿಂಗಳಲ್ಲಿ ಅದು 12 ಲಕ್ಷವಾಯಿತು. ಖುಷಿಯಿಂದ ಇನ್ನೂ 12 ಲಕ್ಷ ಸೇರಿಸಿದರು. ಮುಂದಿನ 6 ತಿಂಗಳಲ್ಲಿ ಒಟ್ಟು 24 ಲಕ್ಷವು ಶೇ 10ರಷ್ಟು ಇಳಿದು 21.6 ಲಕ್ಷವಾಯಿತು. ಸಮಯಾಧಾರಿತ ಲೆಕ್ಕದಲ್ಲಿ, ಅಂದರೆ ಟಿಡಬ್ಲ್ಯುಆರ್‌ಆರ್ ಪ್ರಕಾರ, ವರ್ಷದ ಗಳಿಕೆ ಶೇ 8. ಗ್ರಾಹಕರ ಹಣದ ಹರಿವನ್ನು ಹಿಡಿದು ಲೆಕ್ಕ ಹಾಕುವ ಎಕ್ಸ್‌ಐಆರ್‌ಆರ್ ಪ್ರಕಾರ ಸುಮಾರು ಶೇ 2.5ರಷ್ಟು ನಷ್ಟ. ಎರಡೂ ಸರಿ. ಮೊದಲನೆಯದು ನಿರ್ವಾಹಕರ ಕೆಲಸವನ್ನು ಅಳೆಯುತ್ತದೆ, ಎರಡನೆಯದು ಗ್ರಾಹಕರಿಗೆ ಆದದ್ದನ್ನು ಹೇಳುತ್ತದೆ. ಪಿಎಂಎಸ್‌ಗಳು ತಮ್ಮ ಸಾಧನೆಯನ್ನು ಟಿಡಬ್ಲ್ಯುಆರ್‌ಆರ್‌ನಲ್ಲಿ ತೋರಿಸಬೇಕೆಂದು ಸೆಬಿ 2020ರಲ್ಲಿ ವಿಧಿಸಿದೆ. ಮ್ಯೂಚುವಲ್ ಫಂಡ್ ಆ್ಯಪ್‌ಗಳು ಸಾಮಾನ್ಯವಾಗಿ ಎಕ್ಸ್‌ಐಆರ್‌ಆರ್ ತೋರಿಸುತ್ತವೆ. ನಿಮ್ಮ ಹೊಸ ಪರದೆಯಲ್ಲಿ ಎರಡನ್ನೂ ‘ರಿಟರ್ನ್’ ಎಂಬ ಒಂದೇ ಹೆಸರಿನ ಕೆಳಗೆ ಹಾಕಿದರೆ, ನಷ್ಟದಲ್ಲಿರುವ ಗ್ರಾಹಕರಿಗೆ ಲಾಭವಾಗಿದೆಯೆಂದು ಹೇಳಿದಂತಾಗುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಮಾರಾಟಗಾರರು ಹೇಳುವಂತೆ ಎಲ್ಲವನ್ನೂ ಮೊದಲು ಲೇಕ್‌ಗೆ ಸುರಿಯುವುದು ಬೇಗ ಆರಂಭವಾಗುವ ದಾರಿ. ಎರಡು ತಿಂಗಳಲ್ಲಿ ತೋರಿಸಲು ಏನಾದರೂ ಸಿಗುತ್ತದೆ. ಕಚ್ಚಾ ಕಡತಗಳನ್ನು ಬಂದ ರೂಪದಲ್ಲೇ ಕಾಪಿಡಲು ಅದು ಒಳ್ಳೆಯ ಜಾಗ, ಆ ಮಟ್ಟಿಗೆ ನಾನು ಅದರ ಪರ. ಆದರೆ ಮೂರು ಅರ್ಥಗಳು ಒಂದೇ ಜಾಗಕ್ಕೆ ಬಂದ ಮಾತ್ರಕ್ಕೆ ಒಂದಾಗುವುದಿಲ್ಲ. ಪ್ರತಿ ವರದಿ ಬರೆಯುವವರೂ ತಮ್ಮದೇ ರೀತಿಯಲ್ಲಿ ಕೂಡಿಸಿ ಕಳೆದು, ಮೂರು ಮೊತ್ತಗಳ ಜಾಗದಲ್ಲಿ ಏಳು ಬರುವ ಅಪಾಯವಿದೆ. ಕ್ಲೌಡ್ ಬಗ್ಗೆ ಸೆಬಿ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಚೌಕಟ್ಟನ್ನೂ ಮರೆಯಬೇಡಿ. ಸೇವೆ ಯಾರದ್ದೇ ಆಗಿರಲಿ, ಡೇಟಾದ ಹೊಣೆ ನಿಮ್ಮ ಗ್ರಾಹಕ ಸಂಸ್ಥೆಯದ್ದೇ.

ಮೂರನ್ನೂ ಕಿತ್ತುಹಾಕಿ ಒಂದೇ ಸಿದ್ಧ ತಂತ್ರಾಂಶ ತರುವುದು ಇನ್ನೊಂದು ದಾರಿ. ಸಣ್ಣ ಸಂಸ್ಥೆಗೆ ಇದು ಎಷ್ಟೋ ಸಲ ಸರಿಯಾದ ಉತ್ತರ. ಆದರೆ ಹಳೆಯ ಇತಿಹಾಸವನ್ನು ಹೊಸದಕ್ಕೆ ಸಾಗಿಸುವ ಕೆಲಸವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಬರೀ ಕೊನೆಯ ಶಿಲ್ಕನ್ನು ಸಾಗಿಸಿ ಹಳೆಯ ತಂತ್ರಾಂಶವನ್ನು ಮುಚ್ಚಿದ ಕಡೆಗಳಲ್ಲಿ, ವರ್ಷದ ನಂತರ ತೆರಿಗೆ ಲೆಕ್ಕಕ್ಕೆ ಕೊಂಡ ದಿನಾಂಕಗಳೇ ಇರಲಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಮೂರೂ ತಂತ್ರಾಂಶಗಳನ್ನು ಅವುಗಳ ಪಾಡಿಗೆ ನಡೆಯಲು ಬಿಟ್ಟು, ಅವುಗಳ ನಡುವೆ ತೆಳುವಾದ ಒಂದು ಕಿರ್ದಿ ಕಟ್ಟುತ್ತೇನೆ: ಸಾಮಾನ್ಯ ರೂಪಕ್ಕೆ ತಂದ ವಹಿವಾಟುಗಳು, ಹೂಡಿಕೆಗಳ ಮೂಲಪಟ್ಟಿ, ಗ್ರಾಹಕರ ಸಂಬಂಧಗಳು, ಬೆಲೆಗಳು. ಅದರಿಂದ ಖತಾವಣಿ ಹುಟ್ಟಬೇಕು. ಆ ಖತಾವಣಿಯನ್ನು ಪ್ರತಿದಿನ ಡಿಪಾಸಿಟರಿ (ಡಿಮ್ಯಾಟ್ ಷೇರುಗಳ ದಾಖಲೆ ಇಡುವ ಸಂಸ್ಥೆ) ಮತ್ತು ನೋಂದಣಿ ಏಜೆಂಟರ ಶಿಲ್ಕಿನೊಂದಿಗೆ ತಾಳೆ ನೋಡಬೇಕು. ಮೊದಲ 6 ತಿಂಗಳಲ್ಲಿ ಮ್ಯೂಚುವಲ್ ಫಂಡ್ ಮತ್ತು ನೇರ ಷೇರುಗಳ ಸಂಖ್ಯೆ ಹಾಗೂ ಮೌಲ್ಯ ಸಾಕು. ಲಾಭದ ಲೆಕ್ಕ, ಎಐಎಫ್ (ಪರ್ಯಾಯ ಹೂಡಿಕೆ ನಿಧಿ), ಬಾಂಡ್ ಆಮೇಲೆ. ಈ ದಾರಿಯಲ್ಲೂ ತೊಡಕಿದೆ. ಮೊದಲ ನಾಲ್ಕು ತಿಂಗಳು ತೋರಿಸಲು ಚೆಂದದ ಪರದೆ ಇರುವುದಿಲ್ಲ, ಆಡಳಿತ ಮಂಡಳಿಯ ತಾಳ್ಮೆ ಕರಗುತ್ತದೆ. ಅದಕ್ಕಾಗಿ ತಾಳೆಯಾಗದ ಸಾಲುಗಳ ಸಂಖ್ಯೆಯನ್ನು ಪ್ರತಿ ಸೋಮವಾರ ಅವರಿಗೆ ಕಳಿಸಿ. ಅದು ಇಳಿಯುವುದನ್ನು ಕಂಡವರು ಕಾಯುತ್ತಾರೆ.

ಎಐ ಸಹಾಯಕ ಬೇಡವೆಂದು ಹೇಳಬೇಡಿ. ಅದು ತಾನಾಗಿ ಕೂಡಿಸಿ ಕಳೆಯಬಾರದು, ತಾಳೆಯಾದ ಮೊತ್ತವನ್ನು ಮಾತ್ರ ಓದಿ ಹೇಳಬೇಕು, ಕೇಳುವವರಿಗೆ ನೋಡುವ ಹಕ್ಕಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು ಎಂಬ ಮೂರು ಷರತ್ತುಗಳನ್ನು ಬರೆದುಕೊಡಿ.

ಸಿಎಫ್‌ಎ ಬೇಕಿಲ್ಲ. ಅದು ಹೂಡಿಕೆ ನಿರ್ಧಾರ ಮಾಡುವವರ ಓದು. ನಿಮಗೆ ಬೇಕಾದದ್ದು ವಹಿವಾಟು ನಡೆದ ಮೇಲೆ ಏನಾಗುತ್ತದೆ ಎಂಬ ತಿಳಿವಳಿಕೆ. ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಏಳನೇ ಸರಣಿ, ಅಂದರೆ ಸೆಕ್ಯುರಿಟೀಸ್ ಆಪರೇಷನ್ಸ್ ಕುರಿತ ಪರೀಕ್ಷೆಯ ಪುಸ್ತಕವನ್ನು ಓದಿ, ಪರೀಕ್ಷೆಯನ್ನೂ ಬರೆಯಿರಿ. ಅದಕ್ಕಿಂತ ಹೆಚ್ಚಾಗಿ, ಆಪರೇಷನ್ಸ್ ವಿಭಾಗದಲ್ಲಿ ಹತ್ತು ಹದಿನೈದು ವರ್ಷಗಳಿಂದ ಇರುವ ಒಬ್ಬರನ್ನು ಹುಡುಕಿ. ಅಂಥ ಒಬ್ಬ ಹಿರಿಯ ಮಹಿಳೆಯ ಮೇಜಿನ ಮೇಲೆ 200 ಪುಟದ ಗೆರೆ ನೋಟ್‌ಬುಕ್ ಇರುತ್ತಿತ್ತು. ಯಾವ ಫೋಲಿಯೊಗೆ ಯಾವ ವಿನಾಯಿತಿ, ಯಾವ ಕಡತ ಯಾವ ದಿನ ತಡವಾಗಿ ಬರುತ್ತದೆ, ಯಾವ ಕುಟುಂಬದಲ್ಲಿ ಯಾರ ವರದಿ ಯಾರಿಗೆ ಹೋಗಬಾರದು ಎಲ್ಲವೂ ಅದರಲ್ಲಿ ನೀಲಿ ಶಾಯಿಯಲ್ಲಿ. ನಾನು ಓದಿದ ಯಾವ ವಿನ್ಯಾಸ ದಾಖಲೆಯೂ ಅಷ್ಟು ಕಲಿಸಿಲ್ಲ. ಅಂಥವರನ್ನು ಸಭೆಗೆ ಕರೆಯುವುದಷ್ಟೇ ಸಾಲದು, ತಾಳೆಯ ನಿಯಮಗಳಿಗೆ ಒಪ್ಪಿಗೆ ಕೊಡುವ ಅಧಿಕಾರ ಅವರಿಗೇ ಇರಲಿ.

ಆರಂಭ ಹೀಗೆ ಮಾಡಿ. ಮೂರೂ ತಂತ್ರಾಂಶಗಳಲ್ಲಿ ಇರುವ, ಒಂದು ಅವಿಭಕ್ತ ಕುಟುಂಬದ ಪ್ಯಾನ್, ಒಬ್ಬ ಅನಿವಾಸಿ ಸದಸ್ಯ, ಒಂದು ಎಚ್‌ಡಿಎಫ್‌ಸಿ ಅಥವಾ ರಿಲಯನ್ಸ್ ಹೂಡಿಕೆ ಇರುವ ಒಂದೇ ಒಂದು ಕುಟುಂಬವನ್ನು ಆರಿಸಿಕೊಳ್ಳಿ. ನೋಡಲು ಸಂಸ್ಥೆಯಿಂದ ಲಿಖಿತ ಅನುಮತಿ ಪಡೆಯಿರಿ. ಆಪರೇಷನ್ಸ್‌ನ ಆ ಹಿರಿಯರೊಂದಿಗೆ ಕುಳಿತು, ಕಳೆದ ಮಾರ್ಚ್ 31ರ ಒಟ್ಟು ಮೊತ್ತವನ್ನು ಮೊದಲ ವಹಿವಾಟಿನಿಂದ ಹಿಡಿದು ಎಕ್ಸೆಲ್‌ನಲ್ಲಿ ಕೈಯಾರೆ ಕಟ್ಟಿ, ಡಿಪಾಸಿಟರಿಯಿಂದ ಗ್ರಾಹಕರಿಗೆ ಬರುವ ಕ್ರೋಡೀಕೃತ ವಿವರಣೆಯೊಂದಿಗೆ ಹೋಲಿಸಿ. ಎರಡು ವಾರ ಹಿಡಿಯುತ್ತದೆ. ಎಲ್ಲಿ ವ್ಯತ್ಯಾಸ ಬಂತು, ಏಕೆ ಬಂತು, ಯಾರಿಗೆ ಅದರ ಕಾರಣ ಗೊತ್ತಿತ್ತು ಎಂದು ಪ್ರತಿ ಸಾಲಿನ ಮುಂದೆ ಬರೆದುಕೊಳ್ಳಿ. ಕೊನೆಗೆ ನಿಮ್ಮ ಕೈಯಲ್ಲಿ ಮೂವತ್ತೋ ನಲವತ್ತೋ ಸಾಲುಗಳ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ತೆಗೆದುಕೊಂಡು ಆಡಳಿತ ಮಂಡಳಿಯ ಮುಂದೆ ಹೋಗಿ, 6 ತಿಂಗಳಲ್ಲಿ ಇವುಗಳಲ್ಲಿ ಯಾವ ಸಾಲುಗಳನ್ನು ಮುಗಿಸಬಲ್ಲಿರಿ ಎಂಬುದನ್ನು ಅಲ್ಲಿಯೇ ಗುರುತು ಹಾಕಿ ತೋರಿಸಿ.